ಹೊಸ ಎಸ್‌ಎಸ್‌ಡಿ ಹಾಕಿದೆ, ಕಾಣಿಸುತ್ತಲೇ ಇಲ್ಲ. ಫಾರ್ಮ್ಯಾಟ್ ಮಾಡುವುದು ಹೇಗೆ?

ಗುಬ್ಬಿಗೂಡು:
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ಗೆ ಆರು ವರ್ಷ ಆಯಿತು. ಒಳಗಿರುವುದು 1 ಟಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ, ಕೈಕಾಲು ತೊಳೆದುಕೊಂಡು ಬಂದರೂ ಇನ್ನೂ ಗುಂಡಗೆ ತಿರುಗುತ್ತಲೇ ಇರುತ್ತದೆ. ಮುಚ್ಚಳ ತೆಗೆದು ನೋಡಿದಾಗ ಎಂ.2 ಸ್ಲಾಟ್ ಒಂದು ಖಾಲಿ ಇತ್ತು. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲೇ ಡೇಟಾ ಇಡುವ ವೇಗದ ಡ್ರೈವ್) ತಂದು ನಿನ್ನೆ ರಾತ್ರಿ ಹಾಕಿದೆ.

ಹಳೇ ವಿಂಡೋಸ್ ಎಂದಿನಂತೆ ಬಂತು. ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಮತ್ತು ಡಿ ಮಾತ್ರ ಇವೆ. ಹೊಸದರ ಸುಳಿವೇ ಇಲ್ಲ. ಎಸ್‌ಎಸ್‌ಡಿ ಕೆಟ್ಟಿದೆಯೋ, ನಾನು ಹಾಕಿದ್ದು ತಪ್ಪೋ ಗೊತ್ತಾಗುತ್ತಿಲ್ಲ.

ನನ್ನ ಆಸೆ ಇಷ್ಟು: ವಿಂಡೋಸ್ ಹೊಸದಾಗಿ ಎಸ್‌ಎಸ್‌ಡಿ ಮೇಲೆ ಇರಬೇಕು, ಹಳೇ ಡಿಸ್ಕ್ ಒಳಗೇ ಇದ್ದು ಫೈಲ್‌ಗಳಿಗೆ ಆಗಬೇಕು. ಡಿ ಡ್ರೈವ್‌ನಲ್ಲಿ ಹತ್ತು ವರ್ಷದ ಫೋಟೋಗಳಿವೆ. ಅಪ್ಪ ಇದ್ದಾಗಿನವೂ ಅದರಲ್ಲೇ. ಅವಕ್ಕೆ ಏನೂ ಆಗಬಾರದು. ಫಾರ್ಮ್ಯಾಟ್ ಅನ್ನುವ ಪದ ಓದಿದರೇ ಕೈ ನಡುಗುತ್ತದೆ.

ತಿರುಪುಳಿ:
ಗುಬ್ಬಿಗೂಡು ಅವರೇ, ಮೊದಲು ಫೋಟೋಗಳ ವಿಷಯ. ಅವು ಈಗ ಒಂದೇ ಕಡೆ ಇವೆಯೇ? ಹಾಗಿದ್ದರೆ ಇವತ್ತು ಬೇರೆ ಯಾವ ಕೆಲಸವೂ ಬೇಡ. ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪೂರ್ತಿ ಕಾಪಿ ಮಾಡಿ. ಕಾಪಿ ಮುಗಿದ ಮೇಲೆ ಆ ಡಿಸ್ಕ್ ಅನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಅಲ್ಲೊಂದು ಇಲ್ಲೊಂದು ಫೋಟೋ ತೆರೆದು ನೋಡಿ. ಒಂದೆರಡು ವಿಡಿಯೋ ಕೊನೆಯವರೆಗೆ ಓಡಿಸಿ. ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿಡಿ. ಕೆಲಸ ಮುಗಿಯುವವರೆಗೆ ಲ್ಯಾಪ್‌ಟಾಪ್‌ ಹತ್ತಿರಕ್ಕೂ ತರಬೇಡಿ. ಆರು ವರ್ಷ ಓಡಿದ ಹಾರ್ಡ್‌ಡಿಸ್ಕ್ ಅಂದರೆ, ಎಸ್‌ಎಸ್‌ಡಿ ಹಾಕದಿದ್ದರೂ ಈ ಬ್ಯಾಕಪ್ ಬೇಕೇ ಬೇಕಿತ್ತು.

ಇನ್ನು ಕಾಣಿಸದಿರುವುದು. ಅದಕ್ಕೆ ಹೆದರಬೇಡಿ. ಹೊಸ ಡ್ರೈವ್ ಬರುವುದೇ ಬರಿದಾಗಿ. ಜಾಗ ಇದೆ, ಆದರೆ ಗಡಿ ಹಾಕಿಲ್ಲ, ಮನೆ ನಂಬರೂ ಇಲ್ಲ ಅನ್ನುವ ಹಾಗೆ. ಗಡಿ ಅಂದರೆ ಪಾರ್ಟಿಷನ್. ನಂಬರ್ ಅಂದರೆ ಸಿ, ಡಿ ಅನ್ನುವ ಅಕ್ಷರ. ಇವೆರಡೂ ಇಲ್ಲದ ಡ್ರೈವ್ ಅನ್ನು ಎಕ್ಸ್‌ಪ್ಲೋರರ್ ತೋರಿಸುವುದಿಲ್ಲ. ಆದರೆ ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಬರುವ ಲ್ಯಾಪ್‌ಟಾಪ್‌ನದೇ ಸೆಟ್ಟಿಂಗ್ ಪರದೆ, ತೋರಿಸಲೇಬೇಕು. ಅಲ್ಲಿ ಎಸ್‌ಎಸ್‌ಡಿಯ ಹೆಸರು ಬರುತ್ತದೆಯೇ ನೋಡಿ ಹೇಳಿ. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಬೇಕು. ಕೆಲವು ಕಂಪನಿಗಳಲ್ಲಿ ಎಫ್10, ಎಸ್ಕೇಪ್ ಕೂಡ ಇರುತ್ತದೆ.

ಗುಬ್ಬಿಗೂಡು:
ಕಾಪಿ ಹಾಕಿದ್ದೇನೆ ಸರ್, ಇನ್ನೂ ಓಡುತ್ತಿದೆ. ಸಂಜೆ ಬಯೋಸ್ ನೋಡುತ್ತೇನೆ.

ಗುಬ್ಬಿಗೂಡು:
ಬಯೋಸ್‌ನಲ್ಲೂ ಇಲ್ಲ. ಹಳೇ ಹಾರ್ಡ್‌ಡಿಸ್ಕ್ ಹೆಸರು ಮಾತ್ರ ಇದೆ. ಹಾಗಾದರೆ ಕೆಟ್ಟಿರುವುದೇ ಅಲ್ವಾ?

ಮುಂಗಾರು:
ಕೆಟ್ಟಿದೆ ಅಂತ ಈಗಲೇ ತೀರ್ಮಾನ ಬೇಡ. ಎರಡು ವಿಷಯ ನೋಡಬೇಕು.

ಒಂದು, ನಿಮ್ಮ ಸ್ಲಾಟ್ ಎಂಥದ್ದು? ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸಾಟಾ ಹಳೇ ಬಗೆಯ ಸಂಪರ್ಕ, ಎನ್‌ವಿಎಂಇ ಪಿಸಿಐಇ ಅನ್ನುವ ವೇಗದ ಸಂಪರ್ಕ ಬಳಸುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳ ಸ್ಲಾಟ್ ಎರಡಕ್ಕೂ ಆಗುತ್ತದೆ, ಕೆಲವು ಒಂದಕ್ಕೇ. ಸಾಟಾಗೆ ಮಾತ್ರ ತಂತಿ ಎಳೆದಿರುವ ಸ್ಲಾಟ್‌ನಲ್ಲಿ ಎನ್‌ವಿಎಂಇ ಸಲೀಸಾಗಿ ಕೂತುಬಿಡಬಹುದು, ಆದರೆ ಉಸಿರೆತ್ತುವುದಿಲ್ಲ. ನಾನು ಸಾಟಾ ಎಸ್‌ಎಸ್‌ಡಿಯನ್ನು ಎನ್‌ವಿಎಂಇ ಸ್ಲಾಟ್‌ಗೆ ಹಾಕಿ ಎರಡು ದಿನ ಬಯೋಸ್ ಜೊತೆ ಗುದ್ದಾಡಿದ್ದೇನೆ. ಸಾಟಾ ಮಾದರಿಯ ಎಂ.2ನಲ್ಲಿ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ಎನ್‌ವಿಎಂಇಯಲ್ಲಿ ಒಂದೇ. ಆದರೆ ಕಚ್ಚು ಹೊಂದಿತು ಅಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುವಲ್‌ನಲ್ಲಿ ಬರೆದಿರುತ್ತದೆ, ಅದನ್ನೇ ನಂಬಿ.

ಎರಡು, ಪೂರ್ತಿ ಒಳಗೆ ಹೋಗಿದೆಯೇ? ತುದಿಯಲ್ಲಿರುವ ಬಂಗಾರದ ಬಣ್ಣದ ಪಟ್ಟಿಗಳು ಎಷ್ಟು ಕಾಣುತ್ತಿವೆ?

ಗುಬ್ಬಿಗೂಡು:
ಮ್ಯಾನುವಲ್ ಸಿಕ್ಕಿತು. ಪಿಸಿಐಇ ಎನ್‌ವಿಎಂಇ ಅಂತಲೇ ಇದೆ, 2280 ಅಳತೆ. ಆದರೆ ಬಂಗಾರದ ಪಟ್ಟಿ ಸುಮಾರು 2 ಮಿ.ಮೀ. ಆಚೆ ಕಾಣುತ್ತಿದೆ. ಜಾಸ್ತಿ ಒತ್ತಿದರೆ ಮುರಿದೀತು ಅಂತ ಅಲ್ಲಿಗೇ ಬಿಟ್ಟಿದ್ದೆ.

ತಿರುಪುಳಿ:
ಅದೇ ಕಾರಣ ಇರಬಹುದು. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಪೂರ್ತಿ ಕೂತಾಗ ಹಿಂದಿನ ಅರ್ಧಚಂದ್ರದ ಕಚ್ಚು ಸ್ಕ್ರೂ ಕೂರುವ ಗುಂಡಿಗೆ ಸರಿಯಾಗಿ ಬರುತ್ತದೆ. ಬರಲಿಲ್ಲ ಅಂದರೆ ಒಳಗೆ ಹೋಗಿಲ್ಲ ಅಂತಲೇ ಅರ್ಥ.

ಮತ್ತೆ ಬಿಚ್ಚುವಾಗ ಹೀಗೆ ಮಾಡಿ. ಶಟ್‌ಡೌನ್ ಮಾಡಿ, ಚಾರ್ಜರ್ ಕೀಳಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಉಗುರಿನಿಂದ ಕನೆಕ್ಟರನ್ನೇ ಮೆಲ್ಲಗೆ ಜಾರಿಸಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಮೈಯಲ್ಲಿರುವ ಸ್ಟ್ಯಾಟಿಕ್ ಕಳೆಯಲು ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ.

ಎಸ್‌ಎಸ್‌ಡಿಯನ್ನು ನೆಟ್ಟಗೆ ನೂಕಬೇಡಿ. ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಎರಡೂ ಅಂಚಿಗೆ ಸಮ ಬಲ ಕೊಟ್ಟು ಒಳಗೆ ತಳ್ಳಿ. ಚೂರು ಬಿಗಿ ಇರುತ್ತದೆ, ಆಮೇಲೆ ಸರಕ್ಕನೆ ಕೂರುತ್ತದೆ. ಕೈಬಿಟ್ಟರೆ ಓರೆಯಾಗಿಯೇ ನಿಲ್ಲಬೇಕು. ಅದು ಸರಿ, ತಪ್ಪಲ್ಲ. ಈಗ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂ ಚಿಕ್ಕದು, ಬೆರಳ ತುದಿಯ ಬಲ ಸಾಕು. ಮದರ್‌ಬೋರ್ಡಿನ ಗುಂಡಿ ಕೊರೆದುಹೋದರೆ ಸರಿಪಡಿಸುವುದು ಕಷ್ಟ.

ಎಸ್‌ಎಸ್‌ಡಿ ಮೇಲಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋಗುತ್ತದೆ. ಶಾಖ ಹೀರುವ ಮೆತ್ತನೆ ಪ್ಯಾಡ್ ಇದ್ದರೆ ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ತೆಗೆಯಬೇಕು.

ಗುಬ್ಬಿಗೂಡು:
ಬಂತು! ಬಯೋಸ್‌ನಲ್ಲಿ ಹೆಸರು ಬಂತು! ಸರಕ್ಕನೆ ಕೂತಿದ್ದು ಕೈಗೇ ಗೊತ್ತಾಯಿತು. ಮೊದಲ ಸಲ ಅದು ಆಗಿರಲೇ ಇಲ್ಲ.

ವಿಂಡೋಸ್‌ಗೆ ಹೋಗಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ತಕ್ಷಣ ಒಂದು ಕಿಟಕಿ ಬಂದು ಇನಿಷಿಯಲೈಸ್ ಮಾಡಬೇಕು, ಎಂಬಿಆರ್ ಅಥವಾ ಜಿಪಿಟಿ ಆಯ್ಕೆ ಮಾಡಿ ಅನ್ನುತ್ತಿದೆ. ಏನೂ ಒತ್ತದೆ ಹಾಗೇ ಬಿಟ್ಟಿದ್ದೇನೆ.

ತಿರುಪುಳಿ:
ಒತ್ತದೇ ಇದ್ದದ್ದು ಒಳ್ಳೆಯದೇ ಆಯಿತು. ನೀವು ವಿಂಡೋಸ್ ಅನ್ನೇ ಅದರ ಮೇಲೆ ಹೊಸದಾಗಿ ಹಾಕುವುದಾದರೆ ಈ ಹಂತವೇ ಬೇಡ. ಕ್ಯಾನ್ಸಲ್ ಕೊಡಿ. ಎಂಬಿಆರ್, ಜಿಪಿಟಿ ಅಂದರೆ ಪಾರ್ಟಿಷನ್‌ಗಳ ಲೆಕ್ಕ ಬರೆದಿಡುವ ಎರಡು ಪದ್ಧತಿ. ವಿಂಡೋಸ್ ಸೆಟಪ್ ತಾನಾಗಿಯೇ ಜಿಪಿಟಿ ಮಾಡಿ, ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ನೀವು ಖಾಲಿ ಜಾಗ ತೋರಿಸಿದರೆ ಸಾಕು.

ಬರೀ ಫೈಲ್ ಇಡಲು ಎಸ್‌ಎಸ್‌ಡಿ ಹಾಕುವವರು ಓದುತ್ತಿದ್ದರೆ ಅವರಿಗೆ: ಜಿಪಿಟಿ ಆರಿಸಿ. ಎಂಬಿಆರ್ ಹಳೇ ಪದ್ಧತಿ. 2 ಟಿಬಿಗಿಂತ ದೊಡ್ಡ ಡ್ರೈವ್‌ನ ಪೂರ್ತಿ ಜಾಗ ಅದಕ್ಕೆ ಸಿಗುವುದಿಲ್ಲ, ಪ್ರೈಮರಿ ಪಾರ್ಟಿಷನ್ ನಾಲ್ಕೇ. ಆಮೇಲೆ ಕಪ್ಪು ಪಟ್ಟಿ ಇರುವ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ. ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ಕ್ರಮ) ಎನ್‌ಟಿಎಫ್‌ಎಸ್ ಇರಲಿ. ಅಲೊಕೇಷನ್ ಯೂನಿಟ್ ಸೈಜ್ ಡಿಫಾಲ್ಟ್‌ನಲ್ಲೇ ಬಿಡಿ. ಕ್ವಿಕ್ ಫಾರ್ಮ್ಯಾಟ್‌ನ ಟಿಕ್ ತೆಗೆಯಬೇಡಿ. ಟಿಕ್ ತೆಗೆದರೆ ಅದು ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತದೆ. ಎಸ್‌ಎಸ್‌ಡಿಯ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆಯಬಹುದು ಅನ್ನುವ ಮಿತಿ ಇದೆ. ಒಂದು ಸಲದಿಂದ ಏನೂ ಹಾಳಾಗುವುದಿಲ್ಲ, ಆದರೆ ಲಾಭವೂ ಇಲ್ಲ. ಸುಮ್ನೆ ಸವೆತ.

ಹೊಂಗೆನೆರಳು:
ಹೊಸದಾಗಿ ಹಾಕುವುದೇಕೆ? ಹಳೇ ಡಿಸ್ಕನ್ನು ಹಾಗೇ ಕ್ಲೋನ್, ಅಂದರೆ ತದ್ರೂಪು ಕಾಪಿ ಮಾಡಿದರೆ ಸಾಫ್ಟ್‌ವೇರ್‌ಗಳೆಲ್ಲ ಉಳಿಯುತ್ತವೆ ಅಲ್ವಾ?

ತಿರುಪುಳಿ:
ಉಳಿಯುತ್ತವೆ. ಆದರೆ ಇವರದು 1 ಟಿಬಿಯಿಂದ 500 ಜಿಬಿಗೆ. ತುಂಬಿರುವ ಫೈಲ್‌ಗಳು ಹೊಸದರಲ್ಲಿ ಹಿಡಿಯಬೇಕು, ಪಾರ್ಟಿಷನ್‌ಗಳನ್ನು ಮೊದಲು ಕುಗ್ಗಿಸಬೇಕು. ಕ್ಲೋನ್‌ಜಿಲಾ ತರಹದ ಸಾಫ್ಟ್‌ವೇರ್ ಸಾಮಾನ್ಯವಾಗಿ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಡ್ರೈವ್ ಕೇಳುತ್ತದೆ. ಆರು ವರ್ಷದ ಕಸ ಹೊತ್ತುಕೊಂಡು ಹೋಗುವುದಕ್ಕಿಂತ ಹೊಸದಾಗಿ ಶುರು ಮಾಡುವುದೇ ನನಗೆ ಸರಿ ಅನ್ನಿಸುತ್ತದೆ. ಲೈಸೆನ್ಸ್ ಚಿಂತೆ ಬೇಡ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದೇ ಎಡಿಷನ್ ಹಾಕಿದರೆ ನೆಟ್‌ಗೆ ಸೇರಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಸಂಜೆಗೆಂಪು:
ಗುಬ್ಬಿಗೂಡು ಅವರೇ, ನೀವು ಅಪ್ಪನ ಫೋಟೋ ಅಂದಿದ್ದಕ್ಕೆ ನಾನು ಬರೆಯಲೇಬೇಕು.

ಕಳೆದ ವರ್ಷ ನನ್ನ ಲ್ಯಾಪ್‌ಟಾಪ್‌ಗೆ ಎರಡನೇ ಎಸ್‌ಎಸ್‌ಡಿ ಹಾಕಿದೆ. ಮೊದಲಿದ್ದದ್ದೂ 512 ಜಿಬಿ, ಹೊಸದೂ 512 ಜಿಬಿ. ವಿಂಡೋಸ್ ಸೆಟಪ್‌ನಲ್ಲಿ ಡ್ರೈವ್ 0, ಡ್ರೈವ್ 1 ಅಂತ ಬಂತು. ಎರಡೂ 476 ಚಿಲ್ಲರೆ ಜಿಬಿ. ಹಳೆಯದು 0, ಹೊಸದು 1 ಇರಬೇಕು ಅಂದುಕೊಂಡೆ. ಮೊದಲೊಂದು ಸಲ ಹೊಸದರ ಮೇಲೆ ಪಾರ್ಟಿಷನ್ ಮಾಡಿ ನಿಲ್ಲಿಸಿದ್ದೆ, ಹಾಗಾಗಿ ಪಾರ್ಟಿಷನ್ ಕಂಡರೂ ಅನುಮಾನ ಬರಲಿಲ್ಲ. 1ರ ಮೇಲಿದ್ದ ದೊಡ್ಡದನ್ನು ಆರಿಸಿ ಫಾರ್ಮ್ಯಾಟ್ ಒತ್ತಿದೆ. ಆ ನಂಬರ್‌ಗಳು ಹಾಕಿದ ಕ್ರಮದಲ್ಲಿ ಬರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಮಗಳ ಮೊದಲ ಮೂರು ವರ್ಷದ ವಿಡಿಯೋಗಳು ಅದರಲ್ಲಿದ್ದವು.

ಹಾರ್ಡ್‌ಡಿಸ್ಕ್ ಆಗಿದ್ದರೆ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ರಿಕವರಿ ಸಾಫ್ಟ್‌ವೇರ್ ಹಾಕಿ ಬಹಳಷ್ಟು ವಾಪಸ್ ತರಬಹುದು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫಾರ್ಮ್ಯಾಟ್ ಆಗುವಾಗಲೇ ವಿಂಡೋಸ್ ಟ್ರಿಮ್ ಅನ್ನುವ ಸಂದೇಶ ಕಳಿಸುತ್ತದೆ. ಈ ಜಾಗವೆಲ್ಲ ಇನ್ನು ಬೇಡ ಅಂತ. ಎಸ್‌ಎಸ್‌ಡಿ ಆ ಕೋಶಗಳನ್ನು ತನ್ನಷ್ಟಕ್ಕೆ ಒಳಗೇ ಅಳಿಸಲು ಶುರು ಮಾಡುತ್ತದೆ. ರಿಕವರಿ ಅಂಗಡಿಗೆ ಒಯ್ದೆ. ಓದಿ ನೋಡಿದರು, ಬರೀ ಸೊನ್ನೆಗಳೇ ಬಂದವು. ಕೆಲವು ಫೋನಿನಲ್ಲಿ ಉಳಿದಿದ್ದವು. ಅವಳು ಮೊದಲ ಸಲ ನಡೆದಿದ್ದು ಉಳಿದಿಲ್ಲ.

ದಯವಿಟ್ಟು ಸೆಟಪ್ ಹಾಕುವಾಗ ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಇಲ್ಲದ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು.

ತಿರುಪುಳಿ:
ಓದಿ ಬೇಜಾರಾಯಿತು ಸಂಜೆಗೆಂಪು. ಬರೆದಿದ್ದು ಒಳ್ಳೆಯದಾಯಿತು. ನಾನೂ ಅದನ್ನೇ ಹೇಳುವವನಿದ್ದೆ. ಗುಬ್ಬಿಗೂಡು ಅವರೇ, ಹಾರ್ಡ್‌ಡಿಸ್ಕ್‌ನ ಕೇಬಲ್ ಬಿಡಿಸಿಯೇ ಸೆಟಪ್ ಹಾಕಿ.

ಇನ್ನೊಂದು. ಹಳೇ ವಿಂಡೋಸ್‌ನಲ್ಲಿ ಡ್ರೈವ್‌ಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ಈಗಲೇ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಎನ್‌ಕ್ರಿಪ್ಷನ್ ಆಫ್ ಮಾಡಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಹೊಸ ವಿಂಡೋಸ್ ಬಂದ ಮೇಲೆ ಆ ಕೀ ಇಲ್ಲದಿದ್ದರೆ ಡಿ ಡ್ರೈವ್ ಕಣ್ಣೆದುರೇ ಇದ್ದರೂ ತೆರೆಯುವುದಿಲ್ಲ.

ಗುಬ್ಬಿಗೂಡು:
ಸಂಜೆಗೆಂಪು ಅವರೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ರಾತ್ರಿ ಫೋಟೋಗಳ ಇನ್ನೊಂದು ಕಾಪಿ ಮಾಡಿ ಅಕ್ಕನ ಮನೆಯಲ್ಲಿ ಕೊಟ್ಟು ಬಂದೆ.

ಬಿಟ್‌ಲಾಕರ್ ಆಫ್ ಇದೆ. ಹಾರ್ಡ್‌ಡಿಸ್ಕ್ ಬಿಚ್ಚಲು ಹೋದೆ, ಅದರ ಕೇಬಲ್ ಕಾಗದದಷ್ಟು ತೆಳ್ಳಗಿದೆ. ಹರಿದೀತು ಅಂತ ಹೆದರಿ ಹಾಗೇ ಬಿಟ್ಟು, ಪೆನ್‌ಡ್ರೈವ್‌ನಿಂದ ವಿಂಡೋಸ್ ಸೆಟಪ್ ಹಾಕಿದೆ. ಅಳತೆ ನೋಡಿ ಗುರುತು ಹಿಡಿದೆ: ಒಂದು 931 ಜಿಬಿ, ಇನ್ನೊಂದು 465. ಚಿಕ್ಕದರಲ್ಲಿ ಪಾರ್ಟಿಷನ್‌ಗಳೇ ಇರಲಿಲ್ಲ, ಹಾಗಾಗಿ ಅದೇ ಹೊಸದು. ಮೂರು ಸಲ ಓದಿ ಆಮೇಲೆ ನೆಕ್ಸ್ಟ್ ಒತ್ತಿದೆ. ವಿಂಡೋಸ್ 11 ಬಂತು, ಡಿ ಡ್ರೈವ್ ಹಾಗೇ ಇದೆ, ಫೋಟೋಗಳೂ ಇವೆ. ಆನ್ ಮಾಡಿದರೆ ಕ್ಷಣದಲ್ಲಿ ರೆಡಿ!

ಆದರೆ 500 ಅಂತ ಕೊಂಡಿದ್ದು 465 ಆಗಿದ್ದು ಏಕೆ?

ಹೊಂಗೆನೆರಳು:
ಇದು ನನಗೆ ಗೊತ್ತು. ತಯಾರಕರು 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. 500 ಅನ್ನು 1.0737ರಿಂದ ಭಾಗಿಸಿ ನೋಡಿ, 465 ಚಿಲ್ಲರೆ ಬರುತ್ತದೆ. ಜಾಗ ಎಲ್ಲೂ ಹೋಗಿಲ್ಲ.

ಮುಂಗಾರು:
ಗುಬ್ಬಿಗೂಡು ಅವರೇ, ಕೆಲಸ ಆಗಿದ್ದು ಸಂತೋಷ. ಆದರೆ ಹಾರ್ಡ್‌ಡಿಸ್ಕ್ ಇಟ್ಟುಕೊಂಡೇ ಸೆಟಪ್ ಹಾಕಿದ್ದರಿಂದ ಒಂದು ಅನುಮಾನ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅನ್ನುವ ಚಿಕ್ಕ ತುಂಡು ಯಾವ ಡಿಸ್ಕ್‌ನಲ್ಲಿದೆ ನೋಡಿ. 100 ಎಂಬಿ ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ.

ಗುಬ್ಬಿಗೂಡು:
ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಇದೆ. ಎಸ್‌ಎಸ್‌ಡಿಯಲ್ಲಿ ಇಲ್ಲ.

ಮುಂಗಾರು:
ಅಂದುಕೊಂಡಂತೆಯೇ ಆಯಿತು. ಬೂಟ್ ಆಗುವ ಫೈಲ್‌ಗಳು ಆ ತುಂಡಿನಲ್ಲಿರುತ್ತವೆ. ಇನ್ನೊಂದು ಡಿಸ್ಕ್‌ನಲ್ಲಿ ಅಂಥದ್ದು ಮೊದಲೇ ಇದ್ದರೆ ಸೆಟಪ್ ಹೊಸದು ಮಾಡುವುದಿಲ್ಲ, ಹಳೆಯದರಲ್ಲೇ ತನ್ನ ಫೈಲ್ ಸೇರಿಸಿಬಿಡುತ್ತದೆ. ಈಗ ನಿಮ್ಮ ಮನೆ ಹೊಸದು, ಬೀಗದ ಕೈ ಮಾತ್ರ ಹಳೇ ಮನೆಯಲ್ಲಿದೆ. ಆರು ವರ್ಷದ ಹಾರ್ಡ್‌ಡಿಸ್ಕ್ ಯಾವತ್ತಾದರೂ ಕೈಕೊಟ್ಟರೆ, ಎಸ್‌ಎಸ್‌ಡಿ ಗಟ್ಟಿಮುಟ್ಟಾಗಿದ್ದರೂ ಲ್ಯಾಪ್‌ಟಾಪ್ ಏಳುವುದಿಲ್ಲ.

ತಿರುಪುಳಿ:
ಎರಡು ದಾರಿ ಇದೆ. ಎಸ್‌ಎಸ್‌ಡಿಯ ಕೊನೆಯಲ್ಲಿ ಸ್ವಲ್ಪ ಜಾಗ ಕುಗ್ಗಿಸಿ, ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡ್‌ನಿಂದ ಅಲ್ಲಿ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಿಸಿಡಿಬೂಟ್ ಕಮಾಂಡ್‌ನಿಂದ ಬೂಟ್ ಫೈಲ್ ಬರೆಸುವುದು ಒಂದು. ಆದರೆ ಡಿಸ್ಕ್‌ಪಾರ್ಟ್ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ತಪ್ಪು ಡಿಸ್ಕ್ ಆರಿಸಿ ಕ್ಲೀನ್ ಅಂದರೆ ಆ ಕ್ಷಣವೇ ಪಾರ್ಟಿಷನ್‌ಗಳು ಹೋದವು. ಮೊದಲ ಸಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ನಿಮ್ಮ ಎಸ್‌ಎಸ್‌ಡಿಯಲ್ಲಿ ಹೊಸ ವಿಂಡೋಸ್ ಬಿಟ್ಟರೆ ಇನ್ನೂ ಏನೂ ಇಲ್ಲ. ಮತ್ತೆ ಸೆಟಪ್ ಹಾಕಿಬಿಡಿ, ಈ ಸಲ ಹಾರ್ಡ್‌ಡಿಸ್ಕ್ ಬಿಚ್ಚಿ. ತೆಳ್ಳನೆ ಕೇಬಲ್‌ಗೆ ಹೆದರಬೇಡಿ. ಅದು ಬೋರ್ಡ್ ಸೇರುವ ಕಡೆ ಚಿಕ್ಕದೊಂದು ಕಪ್ಪು ಅಥವಾ ಬಿಳಿ ರೆಪ್ಪೆ ಇರುತ್ತದೆ. ಉಗುರಿನಿಂದ ಅದನ್ನು ಮೇಲೆತ್ತಿದರೆ ಕೇಬಲ್ ತಾನಾಗಿ ಸಡಿಲ ಆಗುತ್ತದೆ, ಎಳೆಯುವ ಪ್ರಶ್ನೆಯೇ ಇಲ್ಲ. ಅದೂ ಬೇಡ ಅಂದರೆ, ಡಿಸ್ಕನ್ನು ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ, ಡಿಸ್ಕ್ ಕಡೆಯ ಗಟ್ಟಿ ಕನೆಕ್ಟರ್‌ನಿಂದಲೇ ಅದನ್ನು ಬಿಡಿಸಬಹುದು. ಬ್ಯಾಟರಿ ಮೊದಲು ಬಿಡಿಸುವುದು ಮರೆಯಬೇಡಿ.

ಸೆಟಪ್‌ನಲ್ಲಿ ಈಗ 465ರ ಡಿಸ್ಕ್ ಮತ್ತು ನಿಮ್ಮ ಪೆನ್‌ಡ್ರೈವ್ ಮಾತ್ರ ಇರುತ್ತವೆ. 465ರ ಮೇಲಿನ ಪಾರ್ಟಿಷನ್‌ಗಳನ್ನೆಲ್ಲ ಡಿಲೀಟ್ ಮಾಡಿ, ಪೂರ್ತಿ ಖಾಲಿ ಜಾಗ ಆರಿಸಿ ನೆಕ್ಸ್ಟ್ ಕೊಡಿ. ಮುಗಿದ ಮೇಲೆ ಒಂದು ಸಲ ಹಾರ್ಡ್‌ಡಿಸ್ಕ್ ಇಲ್ಲದೆಯೇ ಆನ್ ಮಾಡಿ ನೋಡಿ. ಎದ್ದರೆ ಆಫ್ ಮಾಡಿ ಹಾರ್ಡ್‌ಡಿಸ್ಕ್ ಸೇರಿಸಿ. ಬಯೋಸ್‌ಗೆ ಹೋಗಿ ಎಸ್‌ಎಸ್‌ಡಿಯ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲಿರುವಂತೆ ಮಾಡಿ.

ಮುಂಗಾರು:
ಬೇರೆಯವರಿಗೆ ಉಪಯೋಗ ಆಗಲಿ ಅಂತ ಒಂದು ಮಾತು. ಇಂಟೆಲ್‌ನ 11ನೇ ಪೀಳಿಗೆ ಮತ್ತು ಆಮೇಲಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಎಸ್‌ಎಸ್‌ಡಿಯನ್ನು ತೋರಿಸಿದರೂ ವಿಂಡೋಸ್ ಸೆಟಪ್ ತೋರಿಸುವುದಿಲ್ಲ. ಅದಕ್ಕೆ ಕಾರಣ ವಿಎಂಡಿ ಅನ್ನುವ ಸೆಟ್ಟಿಂಗ್. ಅದು ಆನ್ ಇದ್ದಾಗ ಎಸ್‌ಎಸ್‌ಡಿಯನ್ನು ನೋಡಲು ಸೆಟಪ್‌ಗೆ ಬೇರೆ ಡ್ರೈವರ್ ಬೇಕು. ತಯಾರಕರ ಜಾಲತಾಣದಿಂದ ಆ ಡ್ರೈವರ್ ಇಳಿಸಿ, ಕಟ್ಟಿರುವ ಫೈಲ್ ಬಿಡಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಸೆಟಪ್‌ನಲ್ಲಿ ಲೋಡ್ ಡ್ರೈವರ್ ಕೊಡಿ. ವಿಂಡೋಸ್ ಹಾಕಿ ಆದ ಮೇಲೆ ಸುಮ್ನೆ ವಿಎಂಡಿ ಆಫ್ ಮಾಡಲು ಹೋಗಬೇಡಿ, ಬೂಟ್ ಆಗದೆ ನಿಲ್ಲಬಹುದು.

ಪೆಂಗ್ವಿನ್‌ಪ್ರಿಯ:
ಲಿನಕ್ಸ್ ಹಾಕುವವರಿಗೆ ಒಂದು ಅನುಕೂಲ ಇದೆ. ಎನ್‌ವಿಎಂಇ ಡ್ರೈವ್‌ನ ಹೆಸರು ಎನ್‌ವಿಎಂಇ0ಎನ್1 ಅಂತ ಬರುತ್ತದೆ, ಸಾಟಾ ಡಿಸ್ಕ್ ಎಸ್‌ಡಿಎ ಅಂತ. ಹಾಗಾಗಿ ಗೊಂದಲ ಕಡಿಮೆ. ಆದರೆ ಪೆನ್‌ಡ್ರೈವ್ ಕೂಡ ಎಸ್‌ಡಿ ಅಂತಲೇ ಶುರುವಾಗುತ್ತದೆ, ಎಚ್ಚರ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಅಳತೆ ನೋಡಿಕೊಂಡೇ ಮುಂದೆ ಹೋಗಿ. ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಸಾಕು. ಉಬುಂಟು ತರಹದ್ದರಲ್ಲಿ ವಾರಕ್ಕೊಮ್ಮೆ ಟ್ರಿಮ್ ತಾನಾಗಿಯೇ ಓಡುತ್ತದೆ.

ಹೊಂಗೆನೆರಳು:
ಟ್ರಿಮ್ ಅಂದರೆ ಸಂಜೆಗೆಂಪು ಅವರ ವಿಡಿಯೋ ಹೋಗಲು ಕಾರಣವಾದದ್ದೇ ಅಲ್ವಾ? ಅದನ್ನು ಆಫ್ ಮಾಡಿಡುವುದು ವಾಸಿ ಅಲ್ಲವೇ?

ತಿರುಪುಳಿ:
ಬೇಡ. ಎಸ್‌ಎಸ್‌ಡಿ ಬರೆದ ಜಾಗದ ಮೇಲೇ ಮತ್ತೆ ಬರೆಯಲಾರದು. ಮೊದಲು ಅಳಿಸಬೇಕು, ಅದೂ ದೊಡ್ಡ ದೊಡ್ಡ ಬ್ಲಾಕ್ ಲೆಕ್ಕದಲ್ಲಿ. ಯಾವುದು ಬೇಡವಾದ ಜಾಗ ಅಂತ ಟ್ರಿಮ್ ಮೊದಲೇ ಹೇಳಿದರೆ, ಬಿಡುವಿದ್ದಾಗ ಅಳಿಸಿ ಸಿದ್ಧ ಇಟ್ಟುಕೊಳ್ಳುತ್ತದೆ. ಆಫ್ ಮಾಡಿದರೆ ಬೇಡದ ಡೇಟಾವನ್ನೂ ಬ್ಲಾಕ್‌ನಿಂದ ಬ್ಲಾಕ್‌ಗೆ ಹೊತ್ತು ತಿರುಗುತ್ತದೆ. ನಿಧಾನವೂ ಆಗುತ್ತದೆ, ಸವೆತವೂ ಜಾಸ್ತಿ. ವಿಂಡೋಸ್‌ನಲ್ಲಿ ಟ್ರಿಮ್ ಆನ್ ಇದ್ದೇ ಇರುತ್ತದೆ, ಏನೂ ಮಾಡಬೇಕಿಲ್ಲ. ಕಾಪಾಡಬೇಕಾದದ್ದನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಡಬೇಕು, ಅಷ್ಟೇ. ಡ್ರೈವ್ ಪೂರ್ತಿ ತುಂಬಿಸಬೇಡಿ, ಸ್ವಲ್ಪ ಖಾಲಿ ಬಿಟ್ಟರೆ ಅದಕ್ಕೂ ಉಸಿರಾಡಲು ಜಾಗ.

ಗುಬ್ಬಿಗೂಡು:
ಮಾಡಿದೆ! ರೆಪ್ಪೆ ಎತ್ತಿದ ಕೂಡಲೇ ಕೇಬಲ್ ಬಿಟ್ಟುಕೊಂಡಿತು. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಹಾರ್ಡ್‌ಡಿಸ್ಕನ್ನು ಟವೆಲ್ ಮೇಲೆ ಇಟ್ಟು, ಸೆಟಪ್ ಹಾಕಿದೆ. ಈ ಸಲ ಪಟ್ಟಿಯಲ್ಲಿ 465 ಮತ್ತು ಪೆನ್‌ಡ್ರೈವ್ ಮಾತ್ರ ಇದ್ದವು, ಕೈ ನಡುಗಲಿಲ್ಲ. ಹಾರ್ಡ್‌ಡಿಸ್ಕ್ ಇಲ್ಲದೆಯೇ ಎದ್ದಿತು. ಇಎಫ್‌ಐ ತುಂಡು ಈಗ ಎಸ್‌ಎಸ್‌ಡಿಯಲ್ಲೇ ಇದೆ. ಆಮೇಲೆ ಹಾರ್ಡ್‌ಡಿಸ್ಕ್ ಸೇರಿಸಿದೆ, ಫೋಟೋಗಳೆಲ್ಲ ಸರಿಯಾಗಿವೆ. ಅಮ್ಮನನ್ನು ಕೂರಿಸಿಕೊಂಡು ಒಂದಷ್ಟು ನೋಡಿದೆವು.

ಹಳೇ ಡಿಸ್ಕ್‌ನಲ್ಲಿ ಹಳೇ ವಿಂಡೋಸ್‌ನ ಸಿ ಪಾರ್ಟಿಷನ್ ಇನ್ನೂ ಇದೆ. ಅದನ್ನು ಫಾರ್ಮ್ಯಾಟ್ ಮಾಡಿ ಜಾಗ ಮಾಡಿಕೊಳ್ಳಲೇ?

ತಿರುಪುಳಿ:
ಒಂದು ತಿಂಗಳು ಮುಟ್ಟಬೇಡಿ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಫೈಲ್, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್ ಬುಕ್‌ಮಾರ್ಕ್, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೇ ಕಡತಗಳು, ಇವೆಲ್ಲ ಆ ಸಿಯಲ್ಲೇ ಇರುತ್ತವೆ. ಏನು ಬೇಕಿತ್ತು ಅಂತ ಬೇಕಾದಾಗಲೇ ನೆನಪಾಗುವುದು.

ಗುಬ್ಬಿಗೂಡು:
ಸರಿ ಸರ್, ಮುಟ್ಟುವುದಿಲ್ಲ. ಅಪ್ಪ ಬರಹದಲ್ಲಿ ಬರೆದಿದ್ದ ಒಂದಷ್ಟು ಪತ್ರಗಳು ಡೆಸ್ಕ್‌ಟಾಪ್ ಮೇಲೇ ಇದ್ದವು. ನೀವು ಹೇಳಿದ ಮೇಲೆ ನೆನಪಾಯಿತು. ಈಗಲೇ ಹುಡುಕಿ ಎರಡೂ ಬ್ಯಾಕಪ್‌ಗೆ ಹಾಕುತ್ತೇನೆ.